ಕಾವಲಿಯ ಕುಂದು

ರೇಡಿಯೋ ಹೋದದ್ದು ಮೂರನೇ ಮಾತಿಗೆ. ಮೊದಲು ನಾನು, ಸುದ್ದಿ ಬರುವ ಹೊತ್ತಿಗೆ ಸರಿಯಾಗಿ ಇದು ಗೊರಗೊರ ಅನ್ನುತ್ತದೆ ಎಂದೆ. ರೇಡಿಯೋದ ಇನ್ನೊಂದು ಮಗ್ಗುಲು ಹಿಡಿದು ನಿಂತಿದ್ದ ಚೌಡಪ್ಪ ಕಾದ. ಏನೂ ಆಗಲಿಲ್ಲ. ಮಳೆಗಾಲದಲ್ಲಿ ಗುಂಡಿ ತಿರುಗುವುದಿಲ್ಲ ಎಂದೆ. ಅದೂ ಅಲ್ಲ. "ನಮ್ಮನೆಯವ್ರು ತೀರ್ಕೊಂಡ ದಿನ ಇದನ್ನ ಆರಿಸೋದು ಮರ್ತಿದ್ದೆ. ಅವ್ರನ್ನ ಜಗಲಿ ಮೇಲೆ ಮಲಗಿಸಿದ್ರೆ ಇದು ಒಳಗೆ ಹಾಡ್ತಾನೇ ಇತ್ತು" ಎಂದೆ. ಆಗ ಕಳಚಿತು. ಬೆರಳಿಗೆ ಬಿಗಿಯಾಗಿ ಕೂತ ಉಂಗುರ ಸೋಪಿನ ನೀರಿಗೆ ಜಾರಿದ ಹಾಗೆ ಒಂದು ಸಣ್ಣ ಸಡಿಲ. ನನಗೂ ಗೊತ್ತಾಯಿತು, ಅವನಿಗೂ ಗೊತ್ತಾಯಿತು. ಚೌಡಪ್ಪ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವವನು. "ಹಾಡಿದ್ರೆ ಹಾಡ್ಲಿ ಬಿಡು ತುಂಗಕ್ಕ. ನಾನೂ ಸಾವಿನ ಮನೆ ಮುಂದೆ ಗೊತ್ತಾಗ್ದೆ ಊದ್ಕೊಂಡು ಹೋಗಿದೀನಿ" ಎಂದು ಅದನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟ. ಬೀದಿ ತಿರುವಿನಲ್ಲಿ ಅವನು ಮರೆಯಾಗುವ ಮೊದಲೇ ಅದು ಅವನ ಕೈಯಲ್ಲಿ ಹಾಡುವುದು ಕೇಳಿಸಿತು.

ನಮ್ಮೂರಲ್ಲಿ ಕೊಡುವುದೆಂದರೆ ಹೀಗೆ. ವಸ್ತುವನ್ನು ಇಬ್ಬರೂ ಹಿಡಿಯಬೇಕು, ಕೊಡುವವರು ಅದರ ಕುಂದು ಹೇಳಬೇಕು. ಸರಿಯಾದದ್ದು ಬಾಯಿಗೆ ಬಂದರೆ ಕಳಚುತ್ತದೆ. ಹೇಳದೆ ಕೊಟ್ಟದ್ದು ಎಲ್ಲಿ ಹೋದರೂ ಕೊಟ್ಟವರದೇ. ಹೊಸಬರ ಕೈಯಲ್ಲಿ ಕತ್ತರಿ ಬಟ್ಟೆಯನ್ನು ಕತ್ತರಿಸದೆ ಮಡಿಸುತ್ತದೆ, ಬೀಗದ ಕೈ ಬರೀ ಗಿರಗಿರ ತಿರುಗುತ್ತದೆ. ಕಳಚಿದ ಮೇಲೆ, ಕೈ ಬಿಡುವವರೆಗೆ, ಕೊಡುವವರು ಒಂದಕ್ಷರ ಹೆಚ್ಚು ಆಡಬಾರದು. ಆಡಿದರೆ ವಸ್ತು ಪಡೆಯುವವರ ಕೈಯನ್ನೂ ದಾಟಿ ಹೋಗಿ ಯಾರದೂ ಅಲ್ಲದ್ದಾಗುತ್ತದೆ. ಇದನ್ನು ಮಕ್ಕಳು ಬಳಪ ಹಂಚಿಕೊಳ್ಳುವ ವಯಸ್ಸಿನಲ್ಲೇ ಕಲಿಯುತ್ತವೆ. ಇನ್ನು, ಊರ ಗಡಿಕಲ್ಲು ದಾಟಿಸಿ ಜೊತೆಯಲ್ಲೇ ಒಯ್ಯುತ್ತೇನೆ ಎಂದರೆ ಅದೂ ಆಗದು. ನಮ್ಮ ಬೀದಿಯ ಪದ್ದಮ್ಮ ಹೊರದೇಶಕ್ಕೆ ಹೋಗುವಾಗ ಕಾಫಿ ಫಿಲ್ಟರನ್ನು ಸೀರೆಯಲ್ಲಿ ಸುತ್ತಿ ಕದ್ದುಮುಚ್ಚಿ ಒಯ್ದಿದ್ದಳು. ಅಲ್ಲಿ ಒಂದು ತೊಟ್ಟೂ ಕೆಳಗಿಳಿಯಲಿಲ್ಲವಂತೆ. ಉಟ್ಟ ಬಟ್ಟೆ, ಕಾಗದಪತ್ರ, ಇಷ್ಟೇ ಹೋಗುವವರ ಜೊತೆ ಹೋಗುವುದು.

ನಾನು ಹೋಗಬೇಕಾಗಿ ಬಂದದ್ದು ಅಕ್ಕನಿಗಾಗಿ. ಅಕ್ಕ ಅಂಬುಜ ಇಪ್ಪತ್ತಾರು ವರ್ಷದ ಹಿಂದೆ ಆಯಾ ಕೆಲಸಕ್ಕೆಂದು ಸಮುದ್ರದಾಚೆಗೆ ಹೋದವಳು. ಮದುವೆಯಾಗಲಿಲ್ಲ, ಅಲ್ಲೇ ಉಳಿದಳು. ಹೋದ ವರ್ಷ ಅವಳ ಒಂದು ಕಣ್ಣು ಹೋಯಿತು, ಈ ವರ್ಷ ಇನ್ನೊಂದು. ಫೋನಿನಲ್ಲಿ ಅಳಲಿಲ್ಲ. "ಗ್ಯಾಸ್ ಹಚ್ಚೋಕೆ ಭಯ ಆಗುತ್ತೆ ಕಣೇ ತುಂಗಾ. ಮೂರು ಹೊತ್ತೂ ಬ್ರೆಡ್ ತಿಂತಿದೀನಿ" ಎಂದಳು, ಅಷ್ಟೇ. ನನಗೆ ಗಂಡನಿಲ್ಲ, ಮಕ್ಕಳಿಲ್ಲ. ಬರಲಾರೆ ಎನ್ನಲು ಕಾರಣ ಹುಡುಕಿದೆ. ಸಿಕ್ಕಿದ್ದು ಒಂದೇ, ದೋಸೆ ಕಾವಲಿ. ಕಣ್ಣು ಕಳೆದುಕೊಂಡ ಅಕ್ಕನಿಗೆ, ನನ್ನ ಕೈಲಿ ಒಂದು ಕಬ್ಬಿಣದ ಹಲಗೆ ಬಿಟ್ಟು ಬರಲು ಆಗುವುದಿಲ್ಲ ಎಂದು ಯಾವ ಬಾಯಲ್ಲಿ ಹೇಳಲಿ?

ಕಬ್ಬಿಣದ ಹಲಗೆ ಎಂದು ನಾನೇ ಬರೆದುಬಿಟ್ಟೆ. ಹಿಂದೆ ಹಾಗೆಂದ ಒಬ್ಬಳ ಜೊತೆ ನಾನು ಎರಡು ವರ್ಷ ಮಾತು ಬಿಟ್ಟಿದ್ದೆ. ಇಪ್ಪತ್ತೆಂಟು ವರ್ಷದ ಹಿಂದೆ ನಮ್ಮನೆಯವರು ಅದನ್ನು ಕಮ್ಮಾರನ ಹತ್ತಿರ ಹೊಡೆಸಿ, ತಲೆಯ ಮೇಲೆ ಹೊತ್ತು ತಂದರು. ಒಂದು ಸಲಕ್ಕೆ ಆರು ದೋಸೆ ಹಿಡಿಸುವ ದಪ್ಪ ಕಾವಲಿ. ಮೊದಲ ಮೂರು ತಿಂಗಳು ಅದರ ಮೇಲೆ ಒಂದು ದೋಸೆಯೂ ನೆಟ್ಟಗೆ ಏಳಲಿಲ್ಲ. ಎಣ್ಣೆಗೆ ಅದ್ದಿದ ಈರುಳ್ಳಿ ಹೋಳಿನಿಂದ ದಿನಾ ಉಜ್ಜಿ ಉಜ್ಜಿ ಪಳಗಿಸಿದೆ. ಹರಿದ ದೋಸೆಗಳನ್ನು ಅವರೇ ತಿಂದು ಮುಗಿಸುತ್ತಿದ್ದರು. ಆಮೇಲೆ ಒಂದು ಬೆಳಿಗ್ಗೆ, ಮಗುಚುವ ಕೈ ತಾಗಿಸುವ ಮೊದಲೇ ದೋಸೆ ಅಂಚು ಎತ್ತಿ ನನ್ನನ್ನು ನೋಡಿತು. ಅಂದಿನಿಂದ ಗಾಣದ ಬೀದಿಯಲ್ಲಿ ತುಂಗಕ್ಕನ ಹೋಟೆಲ್ಲು ಎಂದರೆ ಆ ಕಾವಲಿಯೇ. ನಾಲ್ಕು ಬೆಂಚು, ತಗಡಿನ ಮಾಡು, ಬೆಳಿಗ್ಗೆ ಆರರಿಂದ ಹತ್ತೂವರೆ. ಅವರು ಹೋದ ಮೇಲೂ ನಾನು ಬೆಳಿಗ್ಗೆ ಏಳುತ್ತಿದ್ದದ್ದು ಯಾತಕ್ಕೆಂದು ಯಾರಾದರೂ ಕೇಳಿದ್ದರೆ ಒಲೆಯ ಕಡೆ ಕೈ ತೋರಿಸುತ್ತಿದ್ದೆ.

ಅದನ್ನು ಕೊಡಬೇಕಾಗಿದ್ದದ್ದು ಈರಮ್ಮನಿಗೆ. ಅದರಲ್ಲಿ ಎರಡು ಮಾತಿರಲಿಲ್ಲ. ಹದಿನೇಳು ವರ್ಷದಿಂದ ಹಿಟ್ಟು ರುಬ್ಬಿದವಳು, ಚಟ್ನಿ ಅರೆದವಳು, ಎಲೆ ಹಾಕಿ ಎಲೆ ಎತ್ತಿದವಳು ಅವಳು. ಗಂಡ ಇನ್ನೊಂದು ಮನೆ ಮಾಡಿಕೊಂಡು ಹೋದಾಗ ಸೊಂಟದಲ್ಲೊಂದು, ಕೈಯಲ್ಲೊಂದು ಹೆಣ್ಣುಮಗು ಹಿಡಿದು ಬಂದಿದ್ದಳು. ದೊಡ್ಡವಳು ಶಕುಂತಲೆ ಈಗ ಕಾಲೇಜು ಮೆಟ್ಟಿಲು ಹತ್ತಿದ್ದಾಳೆ. ನನ್ನ ಒಲೆ ಉರಿದರೆ ಮಾತ್ರ ಅವಳ ಮನೆಯ ಒಲೆ ಉರಿಯುವುದು. ಕಾವಲಿ ಅವಳ ಕೈಗೆ ಹೋಗದಿದ್ದರೆ ಉಳಿದ ಪಾತ್ರೆ, ಬೆಂಚು, ತಗಡು ಯಾವುದಕ್ಕೂ ಅರ್ಥವಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೇ ಅದನ್ನು ಕೊನೆಗೆ ಇಟ್ಟುಕೊಂಡೆ.

ಮಿಕ್ಕದ್ದೆಲ್ಲ ಒಂದೊಂದಾಗಿ ಹೋಯಿತು. ನಮ್ಮನೆಯವರ ಸೈಕಲ್ಲನ್ನು ಹಾಲು ಹಾಕುವವನಿಗೆ ಕೊಟ್ಟೆ. ಬ್ರೇಕು, ಚೈನು ಎಂದು ಏನೇನೋ ಹೇಳಿ ನೋಡಿದೆ. ಕಳಚಿದ್ದು, "ಇದರ ಬೆಲ್ಲು ಕೇಳಿದ್ರೆ ನಂಗೆ ಈಗ್ಲೂ ತಟ್ಟೆ ಹಾಕೋಣ ಅನ್ಸುತ್ತೆ" ಎಂದಾಗ. ಅವನು ಸಂಕೋಚದಿಂದ, ಬೆಲ್ಲು ಬಿಚ್ಚಿಟ್ಟು ಓಡಿಸ್ತೀನಿ ಬಿಡಿ ಎಂದ. ನಾನು ಕೈ ಬಿಟ್ಟ ಮೇಲೆ, ಬೇಡ, ಬೆಲ್ಲಿಲ್ಲದೆ ಯಾರಿಗಾದರೂ ಗುದ್ದಿದರೆ ಅದೂ ನನ್ನ ತಲೆಗೇ ಎಂದೆ. ಸಂಜೆ ಶಾಲೆಯಲ್ಲಿ ಓದುವಾಗ ಕೊಂಡ ನಿಘಂಟು ಶಕುಂತಲೆಗೆ. ಮೂವತ್ತಾರನೇ ವಯಸ್ಸಿನಲ್ಲಿ, ಹತ್ತಿ ಗೋಡೌನಿನಲ್ಲಿ ನಡೆಯುತ್ತಿದ್ದ ಪರಮಶಿವಯ್ಯ ಮೇಷ್ಟ್ರ ಸಂಜೆ ತರಗತಿಗೆ ಸೇರಿ ಹತ್ತನೆಯದು ಪಾಸು ಮಾಡಿದವಳು ನಾನು. ಆ ನಿಘಂಟಿನ ಕುಂದು ಏನೆಂದರೆ, ಅದರಲ್ಲಿ ನೋಡಿ ಖಚಿತ ಮಾಡಿಕೊಂಡ ಮೇಲೂ ನನಗೆ ಅನುಮಾನ ಹೋಗುತ್ತಿರಲಿಲ್ಲ. ಹುಡುಗಿ ನಕ್ಕಳು. "ಅದು ಪುಸ್ತಕದ ಕುಂದಾ ಅತ್ತೆ?" ಎಂದಳು. ಕಳಚಿಯಾಗಿತ್ತು, ಹಾಗಾಗಿ ನಾನು ಉತ್ತರ ಹೇಳಲಿಲ್ಲ.

ಕೊಟ್ಟ ಮಾರನೆಯ ದಿನ ಪ್ರತಿ ಮನೆಗೂ ಹೋಗಿ ವಿಚಾರಿಸುತ್ತಿದ್ದೆ. ಸೊಳ್ಳೆ ಪರದೆಯೊಳಗೆ ಸೊಳ್ಳೆ ಬರುತ್ತಿಲ್ಲವಷ್ಟೆ? ಟಾರ್ಚು ಹತ್ತುತ್ತಿದೆಯೇ? ಒಗ್ಗರಣೆ ಸೌಟಿನಲ್ಲಿ ಸಾಸಿವೆ ಸಿಡಿಯುತ್ತಿದೆಯೇ? "ಸಿಡೀತಿದೆ ಮಾರಾಯ್ತಿ, ನನ್ನ ಮುಖಕ್ಕೇ ಸಿಡೀತಿದೆ" ಎಂದು ಪದ್ದಮ್ಮನ ಸೊಸೆ ಬಾಗಿಲು ಹಾಕಿಕೊಂಡಳು.

ಒಂದೊಂದು ವಸ್ತು ಹೋದಾಗಲೂ ಒಂದೊಂದು ಗುಟ್ಟು ಬಿಚ್ಚಬೇಕಾಗಿ ಬಂದಿತ್ತು. ಹಾಗಾಗಿ ಕಾವಲಿಗೆ ಎಷ್ಟು ದೊಡ್ಡ ಮಾತು ಬೇಕಾದೀತು ಎಂದು ನಾನು ಹೆದರಿಕೊಂಡಿದ್ದೆ. ಒಂದು ನೋಟುಬುಕ್ಕು ತೆಗೆದು ಬರೆಯಲು ಕೂತೆ. ಬರೆದು, ಹೊಡೆದು ಹಾಕಿ, ಮತ್ತೆ ಬರೆದು, ಏಳು ಕುಂದುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದೆ. ಮೊದಲನೆಯದು ಏನೇನೂ ಅಲ್ಲ. ಏಳನೆಯದನ್ನು ಬರೆಯುವಾಗ ಬಾಗಿಲು ಹಾಕಿಕೊಂಡೆ.

ಹೊರಡಲು ಹದಿಮೂರು ದಿನ ಇರುವಾಗ, ಒಂದು ಸೋಮವಾರ, ಗಿರಾಕಿಗಳೆಲ್ಲ ಎದ್ದ ಮೇಲೆ ಒಲೆ ಆರಿಸಿ, ತಣಿದ ಕಾವಲಿಯನ್ನು ಕೆಳಗಿಳಿಸಿದೆವು. ಬೆಂಚಿನ ಮೇಲೆ ಚೌಡಪ್ಪ ಒಬ್ಬ ಮಾತ್ರ ಇನ್ನೂ ಕಾಫಿ ಕುಡಿಯುತ್ತಿದ್ದ. ಈರಮ್ಮ ಮಿಂದು, ಮಡಿಕೆ ಮುರಿಯದ ಸೀರೆ ಉಟ್ಟು ಬಂದಿದ್ದಳು. ತಲೆಗೆ ಹೂವೂ ಮುಡಿದಿದ್ದಳು.

"ಹಿಡ್ಕೊಂಡಿದೀಯಾ?"

"ಹಿಡ್ಕೊಂಡಿದೀನಿ ಕಣಕ್ಕ. ಬೇಗ ಹೇಳು, ಕೈ ಬಿದ್ದೋಗತ್ತೆ."

ನಾನು ಮೊದಲನೆಯದನ್ನು ಹೇಳಿದೆ. ಹಾಡುವ ಮೊದಲು ಗಂಟಲು ಸರಿಮಾಡಿಕೊಳ್ಳುವುದಿಲ್ಲವೇ, ಹಾಗೆ. "ನಡೂಮಧ್ಯ ಕಾಯೋದು ಒಂದು ಉಸಿರು ತಡ" ಎಂದೆ.

ಕಳಚಿತು.

ಎಷ್ಟು ಮೆತ್ತಗೆ ಕಳಚಿತೆಂದರೆ, ಮಲಗಿದ ಮಗುವನ್ನು ಒಬ್ಬರ ತೋಳಿನಿಂದ ಇನ್ನೊಬ್ಬರು ಎತ್ತಿಕೊಂಡ ಹಾಗೆ. ಈರಮ್ಮನ ಮುಖ ಅರಳಿತು. ಅಲ್ಲಿಗೆ ಮುಗಿದಿತ್ತು. ನಾನು ಕೈ ಬಿಡಬೇಕಾಗಿತ್ತು, ಅಷ್ಟೇ.

ಆದರೆ ನನಗೆ ನಂಬಿಕೆ ಬರಲಿಲ್ಲ. ಇಷ್ಟೇನಾ? ರೇಡಿಯೋ ಗಂಡನ ಸಾವನ್ನು ಕೇಳಿತು, ಸೈಕಲ್ಲು ನನ್ನ ಒಂಟಿತನವನ್ನು ಕೇಳಿತು, ಇಪ್ಪತ್ತೆಂಟು ವರ್ಷದ ಕಾವಲಿ ಒಂದು ಉಸಿರು ತಡಕ್ಕೆ ಹೊರಟು ಹೋಯಿತೇ? ನನಗೇ ಹಾಗನ್ನಿಸಿದ್ದಿರಬೇಕು, ಕೈ ಸೋತಿರಬೇಕು, ಅದಕ್ಕೆ ಸಡಿಲವಾದಂತಾಗಿದೆ. ಅರೆಬರೆ ಕೊಟ್ಟು ಹೋದರೆ ಈರಮ್ಮನ ಗತಿ ಏನು? ಅಂದು ನನ್ನ ತಲೆಯಲ್ಲಿ ಓಡಿದ್ದು ಇದು ಎಂದು ಬಹಳ ದಿನ ನಂಬಿದ್ದೆ. ಈಗ ಅನ್ನಿಸುವುದೇ ಬೇರೆ. ಅಷ್ಟು ಸಣ್ಣ ಮಾತಿಗೆ ಅದು ನನ್ನನ್ನು ಬಿಟ್ಟದ್ದು ನನಗೆ ಅವಮಾನವಾಗಿತ್ತು. ಏಳನೆಯ ಮಾತು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿ ನಿಂತಿತ್ತು. ಅದನ್ನು ಹೇಳದೆ ಹೋಗಲು ಮನಸ್ಸು ಒಪ್ಪಲಿಲ್ಲ.

"ಈರಮ್ಮ, ಹದಿನೇಳು ವರ್ಷ ಇದರ ಮೇಲೆ ಒಂದು ದೋಸೆ ಹುಯ್ಯೋಕೆ ನಿನಗೆ ಬಿಡ್ಲಿಲ್ಲ ನಾನು" ಎಂದೆ. "ನೀನು ಕಲಿತ್ರೆ ನನ್ನ ಬಿಟ್ಟು ಹೋಗ್ತೀಯ ಅಂತ ಹೆದರಿದ್ದೆ. ಇದನ್ನ ಅಡ್ಡ ಇಟ್ಕೊಂಡು ನಿನ್ನ ಆ ಕಡೇನೇ ನಿಲ್ಲಿಸ್ದೆ."

ಮಾತು ಮುಗಿಯುವ ಮೊದಲೇ ಈರಮ್ಮನ ಕಣ್ಣು ದೊಡ್ಡದಾಯಿತು. "ಅಕ್ಕಾ, ಸುಮ್ನಿರು, ಸುಮ್ನಿರು" ಎನ್ನುತ್ತಿದ್ದಳು. ನಾನು ಅದನ್ನು ಕೇಳಿಸಿಕೊಂಡದ್ದು ಹೇಳಿ ಮುಗಿಸಿದ ಮೇಲೆ. ಎರಡನೆಯ ಸಲ ಕಳಚುವುದನ್ನು ನಾನು ಹಿಂದೆಂದೂ ಕಂಡವಳಲ್ಲ. ಸದ್ದಿಲ್ಲ, ಏನಿಲ್ಲ. ಕಾವಲಿಯ ತೂಕ ಮಾತ್ರ ಬದಲಾಯಿತು. ಇಬ್ಬರ ಕೈಯಲ್ಲೂ ಅದು ಬೀದಿಯಲ್ಲಿ ಬಿದ್ದಿದ್ದ ಯಾರದೋ ಕಬ್ಬಿಣವಾಗಿತ್ತು.

ಚೌಡಪ್ಪ ಲೋಟ ಕೆಳಗಿಟ್ಟ. "ಎಂಥಾ ಕೆಲ್ಸ ಆಯ್ತು ತುಂಗಕ್ಕ" ಎಂದ.

ಆದರೂ ಒಲೆ ಹಚ್ಚಿದೆವು. ಎಣ್ಣೆ ಸವರಿ ಈರಮ್ಮ ಒಂದು ದೋಸೆ ಹುಯ್ದಳು. ಅವಳ ಮೊದಲನೆಯ ದೋಸೆ. ಕಾವಲಿ ಕಾಯಲೇ ಇಲ್ಲ. ಕೆಳಗೆ ಉರಿ ಧಗಧಗ ಎನ್ನುತ್ತಿತ್ತು, ಮೇಲೆ ಹಿಟ್ಟು ಹುಯ್ದ ಹಾಗೇ ಹಸಿಯಾಗಿ, ಬೆಳ್ಳಗೆ ಕೂತಿತ್ತು. ನಾನು ಹುಯ್ದೆ. ನನಗೂ ಅಷ್ಟೇ. ಈರಮ್ಮ ಎರಡನ್ನೂ ಕೈಯಲ್ಲೇ ಬಳಿದು ನಾಯಿಗೆ ಹಾಕಿದಳು. ಆಮೇಲೆ ತಲೆಯ ಹೂವನ್ನು ಕಿತ್ತು ಬಾಳೆ ಎಲೆಯ ರಾಶಿಯ ಮೇಲೆ ಎಸೆದಳು.

"ನಾನು ಸರಿ ಮಾಡಬೇಕು ಅಂತ..." ಎಂದು ಶುರುಮಾಡಿದೆ.

"ನೀವು ನನ್ನ ಆ ಕಡೆ ನಿಲ್ಸಿದ್ದು ನಂಗೇನು ಗೊತ್ತಿರ್ಲಿಲ್ವಾ?" ಎಂದಳು ಈರಮ್ಮ. ಹದಿನೇಳು ವರ್ಷದಲ್ಲಿ ಮೊದಲ ಬಾರಿಗೆ ಅವಳ ಬಾಯಲ್ಲಿ ನಾನು ಬಹುವಚನವಾಗಿದ್ದೆ. "ಇಡೀ ಬೀದಿಗೇ ಗೊತ್ತಿತ್ತು. ಅದನ್ನ ನಿನ್ನೆ ಕಾಫಿ ಕುಡೀತಾ ಹೇಳ್ಬಹುದಿತ್ತಲ್ಲ. ನಾಳೆ ಹೇಳ್ಬಹುದಿತ್ತಲ್ಲ. ಅದು ಕೈಲಿ ಇರೋವಾಗ್ಲೇ ಹೇಳ್ಬೇಕಿತ್ತಾ?"

ನಾನು ಸೌದೆ ಹಿಂದಕ್ಕೆಳೆದು ಉರಿ ಆರಿಸಿದೆ. ಉತ್ತರ ಇದ್ದಿದ್ದರೆ ಅದನ್ನೂ ಹೇಳುತ್ತಿದ್ದೆನೇನೋ.

ಸಂಜೆ ಪರಮಶಿವಯ್ಯ ಮೇಷ್ಟ್ರ ಮನೆಗೆ ಹೋದೆ. ಊರಿನ ಹಳೆಯ ಕ್ರಮಗಳು ಗೊತ್ತಿರುವವರು ಅವರು. ಯಾರದೂ ಅಲ್ಲದ್ದಾದದ್ದನ್ನು ಮತ್ತೆ ಯಾರದಾದರೂ ಮಾಡಲು ದಾರಿ ಇದೆಯೇ ಎಂದು ಕೇಳಿದೆ. ಅವರು ಕನ್ನಡಕ ಒರೆಸಿದರು. "ಇಲ್ಲಮ್ಮ" ಎಂದರು. ಅದನ್ನು ಮತ್ತೆ ಹಾಕಿಕೊಂಡು, "ತರಗತಿ ಪರೀಕ್ಷೇಲೂ ನೀನು ಇದೇ ಮಾಡ್ದೆ, ಜ್ಞಾಪಕ ಇದೆಯಾ? ಗಣಿತದಲ್ಲಿ ಸರಿಯಾದ ಉತ್ತರ ಬರೆದು, ಅದರ ಮೇಲೆ ಗೀಟು ಹಾಕಿ, ಪಕ್ಕದಲ್ಲಿ ಇನ್ನೊಂದು ಬರೆದಿದ್ದೆ. ಗೀಟಿನ ಕೆಳಗಿನದಕ್ಕೆ ಅಂಕ ಕೊಡೋಕಾಗ್ದೆ ನಾನು ಎಷ್ಟು ಸಂಕಟ ಪಟ್ಟೆ ಗೊತ್ತಾ?" ಎಂದರು. ಬೈಯಬೇಕೆಂದು ಹೇಳಿದ್ದಲ್ಲ. ಅವರ ಹೆಂಡತಿ ನನಗೆ ಮಜ್ಜಿಗೆ ತಂದುಕೊಟ್ಟರು. ಕುಡಿಯಲಾಗಲಿಲ್ಲ.

ಯಾರದೂ ಅಲ್ಲದ ವಸ್ತುಗಳಿಗೆಂದು ಕೆರೆ ಏರಿಯ ಬುಡದಲ್ಲಿ ಒಂದು ಕಟ್ಟೆ ಇದೆ. ಮಾರನೆಯ ದಿನ ಚೌಡಪ್ಪ ಮತ್ತು ನಾನು ಕಾವಲಿಯನ್ನು ಕೈಗಾಡಿಯಲ್ಲಿ ಹಾಕಿಕೊಂಡು ಹೋಗಿ ಅಲ್ಲಿಟ್ಟೆವು. ಒಂದು ಹೊಲಿಗೆ ಯಂತ್ರ, ಎರಡು ಗೋಡೆ ಗಡಿಯಾರ, ಒಂದು ತೊಟ್ಟಿಲು, ಚಿನ್ನದ ಒಂದು ಜೊತೆ ಓಲೆ ಕೂಡ ಅಲ್ಲಿ ಬಿದ್ದಿದ್ದವು. ಓಲೆಯನ್ನು ಯಾರೂ ಮುಟ್ಟುವುದಿಲ್ಲ. ತೊಟ್ಟರೆ ಕಿವಿಯಲ್ಲಿ ನಿಲ್ಲದು, ಕರಗಿಸಿದರೆ ಕರಗದು. ಅವುಗಳ ನಡುವೆ ಕಾವಲಿಯನ್ನು ಏರಿಯ ಕಲ್ಲುಗೋಡೆಗೆ ಒರಗಿಸಿ, ಬೀಳದ ಹಾಗೆ ಬುಡಕ್ಕೆ ಕಲ್ಲು ಕೊಟ್ಟೆ. ಅಲ್ಲಾಡಿಸಿ ನೋಡಿದೆ. ಇನ್ನೊಂದು ಕಲ್ಲು ಕೊಟ್ಟೆ. "ಬಾ ತುಂಗಕ್ಕ, ಅದಕ್ಕೇನು ಬಿದ್ದು ಏಟಾಗುತ್ತಾ?" ಎಂದು ಚೌಡಪ್ಪ ಕರೆದ. ನಾನು ಒಮ್ಮೆ ಅದರ ಮೇಲೆ ಅಂಗೈ ಇಟ್ಟೆ. ಅಷ್ಟು ಬಿಸಿಲಿನಲ್ಲೂ ತಣ್ಣಗಿತ್ತು.

ಈರಮ್ಮ ಸುಮ್ಮನೆ ಕೂರುವವಳಲ್ಲ. ಬುಧವಾರವೇ ಕಮ್ಮಾರಸಾಲೆಯಿಂದ ಹೊಸ ಕಾವಲಿ ತಂದಳು. ಮೂರು ದೋಸೆ ಹಿಡಿಸುವಂಥದ್ದು. ನಾನು ಈರುಳ್ಳಿ ಹೆಚ್ಚಿ, ಎಣ್ಣೆ ಬಟ್ಟಲು ಹಿಡಿದು ಮುಂದೆ ಹೋದೆ. ಮೂರು ತಿಂಗಳ ಕೆಲಸವನ್ನು ಹತ್ತು ದಿನದಲ್ಲಿ ಮುಗಿಸಲು ಆಗದಿದ್ದರೂ ಅರ್ಧ ಹಾದಿಯಾದರೂ ತಂದುಕೊಡೋಣ ಎಂದು.

"ಮುಟ್ಬೇಡಿ" ಎಂದಳು. "ನೀವು ಪಳಗಿಸಿದ್ರೆ ಅದು ನಿಮ್ದಾಗುತ್ತೆ. ಆಮೇಲೆ ಅದನ್ನೂ ನೀವು ಕೊಡ್ಬೇಕು. ಕೊಡೋವಾಗ ನೀವು ಬಾಯಿ ತೆಗೀಬೇಕು. ನಂಗೆ ಬೇಡ."

"ಹೇಳಿಯಾದ್ರೂ ಕೊಡ್ತೀನಿ. ಉರಿ ಎಷ್ಟಿರ್ಬೇಕು, ಹಿಟ್ಟು..."

"ಹೇಳೋದೂ ಬೇಡ. ಅಲ್ಲಿ ಬೆಂಚಿದೆ. ಕೂತ್ಕೊಳ್ಳಿ."

ಕೂತೆ. ಇಪ್ಪತ್ತೆಂಟು ವರ್ಷದಲ್ಲಿ ನನ್ನ ಹೋಟೆಲ್ಲಿನ ಬೆಂಚಿನ ಮೇಲೆ ನಾನು ಕೂತದ್ದು ಅದೇ ಮೊದಲು. ಅದರ ಒಂದು ಕಾಲು ಗಿಡ್ಡ ಎಂದು ಆಗ ಗೊತ್ತಾಯಿತು. ಈರಮ್ಮ ಉರಿ ಹೆಚ್ಚಾಗಿ ಇಡುತ್ತಿದ್ದಳು, ನನ್ನ ಕೈ ತಾನಾಗಿ ಸೌದೆಯ ಕಡೆ ಹೋಗುತ್ತಿತ್ತು, ಸೆರಗಿನೊಳಗೆ ಹುದುಗಿಸಿಕೊಳ್ಳುತ್ತಿದ್ದೆ. ದೋಸೆ ಕಾವಲಿಗೆ ಕಚ್ಚಿಕೊಳ್ಳುತ್ತಿತ್ತು. ಕೆರೆದರೆ ಚೂರು ಚೂರು. ಮೊದಲ ಎರಡು ದಿನ ಗಿರಾಕಿಗಳು ಮರ್ಯಾದೆಗೆ ತಿಂದರು. ಮೂರನೆಯ ದಿನ ಚೌಡಪ್ಪ ಎಲೆ ನೋಡಿ, "ಈರಮ್ಮ, ಇದನ್ನ ಚಮಚದಲ್ಲಿ ತಿನ್ಲಾ, ಹೀರ್ಲಾ?" ಎಂದ.

"ಊದು. ಅದೇ ತಾನೆ ನಿನ್ನ ಕಸುಬು" ಎಂದಳು ಈರಮ್ಮ.

ಎಲ್ಲರೂ ನಕ್ಕರು. ಆದರೆ ಶನಿವಾರದ ಹೊತ್ತಿಗೆ ನಾಲ್ಕು ಬೆಂಚಿನಲ್ಲಿ ಎರಡು ಖಾಲಿ. ಸೋಮವಾರ ಚೌಡಪ್ಪ, ಮೇಷ್ಟ್ರು, ಇನ್ನಿಬ್ಬರು, ಅಷ್ಟೇ. ಎರಡು ಬೀದಿ ಆಚೆ ಪೂರಿ ಮಾಡುವವನ ಮುಂದೆ ನಮ್ಮ ಗಿರಾಕಿಗಳು ನಿಂತಿದ್ದನ್ನು ನಾನೇ ಕಂಡೆ. ಅವರು ನನ್ನನ್ನು ಕಂಡು ಮುಖ ತಿರುಗಿಸಿದರು. ಮನೆಗೆ ಬಂದು ಅಕ್ಕನಿಗೆ ಫೋನು ಮಾಡಿದೆ. ಒಂದು ಮೂರು ತಿಂಗಳು ತಡವಾಗಿ ಬಂದರೆ ನಡೆಯುತ್ತದೆಯೇ ಎಂದು ಕೇಳಬೇಕೆಂದಿದ್ದೆ. ಅವಳು ಫೋನು ಎತ್ತಿದವಳೇ, "ನಿನ್ನೆ ಬಿಸಿನೀರು ಚೆಲ್ಕೊಂಡೆ ಕಣೇ. ಹೆಚ್ಚೇನಿಲ್ಲ, ಕಾಲ ಮೇಲೆ. ಯಾವತ್ತು ಬರ್ತೀಯ ಅಂದೆ? ಭಾನುವಾರಾನಾ?" ಎಂದಳು. ಹೌದು, ಭಾನುವಾರ ಎಂದೆ.

ಮರುದಿನ ಈರಮ್ಮನಿಗೆ, ಬೇಕಾದರೆ ನಾನು ಉಳಿಯುತ್ತೇನೆ ಎಂದೆ. ಎರಡೂ ಕಡೆ ಎರಡು ಮಾತು ಹೇಳುತ್ತಿದ್ದೇನೆ ಎಂದು ಹೇಳುವಾಗಲೇ ಗೊತ್ತಿತ್ತು. ಅವಳು ಮಗುಚುವ ಕೈಯಿಂದ ಕಾವಲಿ ಕೆರೆಯುತ್ತಲೇ, "ಉಳಿದು ಏನ್ಮಾಡ್ತೀರಿ? ನೀವು ಹಂಗೆ ನೋಡ್ತಾ ಕೂತ್ರೆ ಈ ಕಾವಲಿಗೂ ಹೆದರಿಕೆ ಆಗುತ್ತೆ" ಎಂದಳು. ಆಮೇಲೆ ತಿರುಗಿ ನೋಡಿ, ಸ್ವಲ್ಪ ತಗ್ಗಿದ ದನಿಯಲ್ಲಿ, "ಅಲ್ಲಿ ಅವ್ರು ಕಣ್ಣಿಲ್ದೋರು. ನಂಗೆ ಕಣ್ಣಿದೆ, ಕೈ ಇದೆ. ಹೋಗಿ" ಎಂದಳು.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಬಸ್ಸು. ಮನೆಯಲ್ಲಿ ಕೊಡಲು ಇನ್ನೇನೂ ಉಳಿದಿರಲಿಲ್ಲ. ಪೊರಕೆಯನ್ನು ಕೂಡ ಹಿಂದಿನ ದಿನ ಕೊಟ್ಟಾಗಿತ್ತು. ಖಾಲಿ ಮನೆಯಲ್ಲಿ ನನ್ನ ಹೆಜ್ಜೆ ಸಪ್ಪಳ ಯಾರೋ ಹಿಂದೆ ಬಂದ ಹಾಗೆ ಕೇಳುತ್ತಿತ್ತು. ಬಟ್ಟೆಯ ಚೀಲ ಹಿಡಿದು ಗಾಣದ ಬೀದಿಗೆ ಬಂದೆ. ಈರಮ್ಮ ಒಲೆಯ ಮುಂದೆ ಇದ್ದಳು. ಚೌಡಪ್ಪ, ಮೇಷ್ಟ್ರು ಬೆಂಚಿನ ಮೇಲೆ. ನಾನು ಬೆಂಚಿನ ಪಕ್ಕ ನಿಂತೆ. ಹದಿಮೂರು ದಿನದಲ್ಲಿ ಬಾಯಿ ಹಾಕದೆ ನಿಲ್ಲುವುದನ್ನು ಮಾತ್ರ ಕಲಿತಿದ್ದೆ.

"ತಿಂಡಿ ಆಯ್ತಾ?" ಎಂದಳು, ಬೆನ್ನು ಹಾಕಿಕೊಂಡೇ.

"ಇಲ್ಲ."

"ಕೂತ್ಕೋ."

ಎಲೆ ಹಾಕಿ, ಹುಯ್ದು, ಕೆರೆದು ತಂದಿಟ್ಟಳು. ಮೂರು ತುಂಡಾಗಿತ್ತು. ಚೂರು ಚೂರಿಗಿಂತ ಮೂರು ತುಂಡು ವಾಸಿ. ತುಂಡುಗಳನ್ನು ಅವಳು ಎಲೆಯ ಮೇಲೆ ದುಂಡಗೆ ಜೋಡಿಸಿದ್ದಳು, ನಡುವೆ ಚಟ್ನಿ ಇಟ್ಟು ಬಿರುಕು ಮುಚ್ಚಿದ್ದಳು. ನಾನು ಒಂದು ತುತ್ತು ಬಾಯಿಗೆ ಹಾಕಿಕೊಂಡೆ. ಅವಳು ಸೌಟು ಹಿಡಿದು ಎದುರಿಗೆ ನಿಂತಳು. ಚೌಡಪ್ಪ ಅಗಿಯುವುದನ್ನು ನಿಲ್ಲಿಸಿದ.

"ಹೇಳು ಅಕ್ಕ" ಎಂದಳು. "ಏನು ಕಮ್ಮಿ ಇದಕ್ಕೆ?"

ನಾನು ನೋಡಿದೆ. ನೋಡದಿರಲು ನನಗೆ ಬರುವುದಿಲ್ಲ. ಅಂಚು ಕರಿದಾಗಿತ್ತು, ಒಳಗೆ ಹಸಿಯಿತ್ತು, ಹಿಟ್ಟು ಒಂದು ಸುತ್ತು ಕಡಿಮೆ ರುಬ್ಬಿದ್ದು, ಕಾವಲಿಗೆ ನೀರು ಚಿಮುಕಿಸದೆ ಹುಯ್ದದ್ದು, ಎಣ್ಣೆ ಮೊದಲು ಬಿಟ್ಟದ್ದು, ಸೌಟು ತಿರುಗಿಸುವಾಗ ಹೊರಗಿನಿಂದ ಒಳಕ್ಕೆ ಎಳೆದದ್ದು. ಹೀಗೆ ಹನ್ನೊಂದು. ಎಣಿಸಿದೆ. ಹನ್ನೊಂದೂ ಗಂಟಲಿನವರೆಗೆ ಬಂದು ಸಾಲಾಗಿ ನಿಂತವು. ಅಷ್ಟನ್ನೂ ಹೇಳಿದರೆ ಅವಳಿಗೆ ಒಂದು ತಿಂಗಳ ಕಷ್ಟ ತಪ್ಪಬಹುದಿತ್ತು. ಇಲ್ಲವೇ ಅವಳ ಕೈ ಅಲ್ಲಿಗೇ ಸೋತು ನಿಲ್ಲಲೂಬಹುದಿತ್ತು. ಯಾವುದೆಂದು ತಿಳಿಯಲಿಲ್ಲ.

"ಉಪ್ಪು ಒಂದು ಚಿಟಿಕೆ ಕಮ್ಮಿ" ಎಂದೆ.

ಅವಳು ಕಾದಳು. ಇನ್ನೂ ಇದೆ ಎಂದು ಅವಳಿಗೆ ಗೊತ್ತು, ನನ್ನನ್ನು ಬಲ್ಲವಳು. ನಾನು ದೊಡ್ಡದೊಂದು ತುಂಡು ಮುರಿದು ಬಾಯಿಗೆ ತುರುಕಿಕೊಂಡೆ. ಕಣ್ಣಲ್ಲಿ ನೀರು ಬಂತು, ಅಗಿದೆ.

"ಅಷ್ಟೇನಾ?"

ತಲೆಯಾಡಿಸಿದೆ.

ಈರಮ್ಮ ಒಲೆಯ ಕಡೆ ತಿರುಗಿದಳು. ಉಪ್ಪಿನ ಭರಣಿಯಿಂದ ಒಂದು ಚಿಟಿಕೆ ತೆಗೆದುಕೊಂಡಳು. ಇನ್ನೊಂದು ಕೈಯ ಬೆರಳನ್ನು ಹಿಟ್ಟಿಗೆ ಅದ್ದಿ ನಾಲಿಗೆಗೆ ಮುಟ್ಟಿಸಿದಳು. ಆಮೇಲೆ ಚಿಟಿಕೆಯ ಉಪ್ಪನ್ನು ವಾಪಸು ಭರಣಿಗೆ ಉದುರಿಸಿ, ಮುಚ್ಚಳ ಹಾಕಿದಳು. "ಸರಿ. ಬಸ್ಸು ತಪ್ಪೀತು, ಹೊರಡು" ಎಂದಳು. ಮುಂದಿನ ದೋಸೆ ಹುಯ್ದಳು. ನಾನು ಎಲೆ ಎತ್ತಲು ಹೋದೆ, ಬಿಡು ಎಂದಳು, ಬಿಟ್ಟೆ.

ಚೌಡಪ್ಪ ಚೀಲ ಹಿಡಿದುಕೊಂಡು ಬಸ್ಸಿನವರೆಗೆ ಬಂದ. ಬಸ್ಸು ಕೆರೆ ಏರಿ ಹತ್ತಿ, ಇಳಿದು, ಗಡಿಕಲ್ಲು ದಾಟಿತು. ಆಗ ಹಲ್ಲಿನ ಸಂದಿಯಲ್ಲಿ ಉಳಿದಿದ್ದ ದೋಸೆಯ ಒಂದು ಚೂರು ನಾಲಿಗೆಗೆ ಸಿಕ್ಕಿತು. ಅದರ ರುಚಿ ನಿಧಾನವಾಗಿ ತಿಳಿಯುತ್ತಾ ಬಂತು. ಉಪ್ಪು ಸರಿಯಾಗಿತ್ತು. ಹನ್ನೊಂದು ನಿಜ ಇದ್ದವು, ಅವುಗಳಲ್ಲಿ ಒಂದನ್ನಾದರೂ ಆರಿಸಿ ಹೇಳಬಹುದಿತ್ತು, ನಾನು ಹನ್ನೆರಡನೆಯದೊಂದು ಸುಳ್ಳು ಹೇಳಿ ಬಂದಿದ್ದೆ. ಈರಮ್ಮನಿಗೆ ಅದು ಅಲ್ಲೇ ಗೊತ್ತಾಗಿತ್ತು. ಗೊತ್ತಾಗಿಯೂ ಅವಳು ಒಂದು ಮಾತೂ ಹೆಚ್ಚು ಆಡಲಿಲ್ಲ.